ಮಾರಾಟಕ್ಕೆ ಬಾರದ ಟೇಪುಗಳು: ಕ್ಯೋಟೋದ ಗಿಟಾರು, ಕುಂದಗೋಳದ ತಂಬೂರಿ

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಮಾತಿನ ಬರಹರೂಪ. ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ರೆಕಾರ್ಡ್ ಮಾಡಿದ್ದು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ನಡುವೆ ಟ್ರ್ಯಾಕ್ಟರ್ ಸಪ್ಪಳ ಬಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಕುಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲೇ ಕೂತು ಮಾತಾಡ್ತಾ ಇದ್ದೇನೆ. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಊರೆಲ್ಲ ಮೈಕಿನೊಳಗೆ ಬರ್ತದೆ. ಬರಲಿ ಬಿಡ್ರಿ, ಇವತ್ತಿನ ವಿಷಯಕ್ಕೆ ಅದು ಹೊಂದಿಕೊಳ್ಳುತ್ತದೆ.

ಜಪಾನಿನ ಕ್ಯೋಟೋ ನಗರದಲ್ಲಿ ದೋಶಿಶಾ ಅಂತ ಒಂದು ವಿಶ್ವವಿದ್ಯಾಲಯ ಇದೆ. 1967ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಕೆಲವರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದರು. ಜಪಾನಿ ಭಾಷೆಯಲ್ಲಿ ಅದರ ಹೆಸರು ‘ಹಡಾಕಾ ನೋ ರಾರೀಝು’. ಫ್ರೆಂಚ್ ಥರ ಕೇಳುವ ಇನ್ನೊಂದು ಹೆಸರೂ ಇಟ್ಟುಕೊಂಡರು, ‘ಲೇ ರಾಲೀಝ್ ದೆನ್ಯೂದೆ’. ಜಗತ್ತಿಗೆಲ್ಲ ಗೊತ್ತಿರೋದು ಈ ಎರಡನೆಯ ಹೆಸರೇ. ಅದರ ಹಾಡುಗಾರ, ಗಿಟಾರ್ ವಾದಕ, ಯಜಮಾನ ಎಲ್ಲಾ ಮಿಜುತಾನಿ ತಾಕಾಶಿ ಅನ್ನುವ ಒಬ್ಬನೇ. ಈ ಬ್ಯಾಂಡು ಮೊದಲ ಇಪ್ಪತ್ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಒಂದೇ ಒಂದು ಆಲ್ಬಂ ಹೊರಗೆ ತರಲಿಲ್ಲ. ಮಾರಾಟಕ್ಕೆ ಅಂತ ಮೂರು ಸಿಡಿ ಬಂದದ್ದು 1991ರಲ್ಲಿ, ಅದೂ ಹಳೇ ಟೇಪುಗಳಿಂದ ಆರಿಸಿ ತೆಗೆದದ್ದು. ಆದರೂ ಇವತ್ತು ಜಪಾನಿನ ಭೂಗತ ಸೈಕೆಡೆಲಿಕ್ ರಾಕ್ ಅಂದ ಕೂಡಲೇ ಜನ ಮೊದಲು ಹೇಳುವ ಹೆಸರು ಇದೇ.

‘ಭೂಗತ’ ಅಂದ ತಕ್ಷಣ ನಮ್ಮ ಪೇಪರ್ ಓದುವವರಿಗೆ ದಾವೂದು, ಛೋಟಾ ರಾಜನ್ ನೆನಪಾಗ್ತಾರೆ. ಇಲ್ಲಿ ಅರ್ಥ ಬೇರೆ. ದೊಡ್ಡ ಕಂಪನಿ, ರೇಡಿಯೋ, ಟಿವಿ ಯಾವುದರ ಹಂಗೂ ಇಲ್ಲದೆ, ಸಣ್ಣ ಚಹಾದಂಗಡಿ, ಕಾಲೇಜು ಹಾಲು, ನೆಲಮಾಳಿಗೆಗಳಲ್ಲಿ ನಡೆಯುವ ಸಂಗೀತ ಅಂತ ತಿಳ್ಕೊಳ್ರಿ. ಹಾಗಂತ ಪೊಲೀಸರ ಸಂಬಂಧವೇ ಇರಲಿಲ್ಲ ಅಂತಲೂ ಅಲ್ಲ. 1970ರ ಮಾರ್ಚ್ 31ರಂದು ಜಪಾನ್ ಏರ್‌ಲೈನ್ಸಿನ ‘ಯೊದೊಗೋ’ ವಿಮಾನವನ್ನು ರೆಡ್ ಆರ್ಮಿ ಗುಂಪಿನ ಒಂಬತ್ತು ಜನ ಅಪಹರಿಸಿ ಉತ್ತರ ಕೊರಿಯಾಕ್ಕೆ ಒಯ್ದರು. ಆ ಒಂಬತ್ತರಲ್ಲಿ ಒಬ್ಬ ಈ ಬ್ಯಾಂಡಿನ ಮೊದಲ ದಿನಗಳ ಬೇಸ್ ವಾದಕ ವಾಕಾಬಾಯಾಶಿ ಮೊರಿಆಕಿ. ಮಿಜುತಾನಿ ಆಮೇಲೆ ಜನರಿಂದ ದೂರ ಸರಿದದ್ದಕ್ಕೆ ಇದೇ ಕಾರಣ ಅಂತ ಎಷ್ಟೋ ಮಂದಿ ಬರೀತಾರೆ. ಆತ ಬಾಯಿಬಿಟ್ಟು ಹೇಳಿದ್ದು ಕಡಿಮೆ, ಬೇರೆಯವರು ಆತನ ಬಗ್ಗೆ ಹೇಳಿದ್ದು ರಾಶಿ. 2007ರಲ್ಲಿ ಜೂಲಿಯನ್ ಕೋಪ್ ಅನ್ನುವ ಇಂಗ್ಲಿಷ್ ಸಂಗೀತಗಾರ ‘ಜಾಪ್‌ರಾಕ್‌ಸ್ಯಾಂಪ್ಲರ್’ ಅಂತ ಒಂದು ಪುಸ್ತಕ ಬರೆದ. ಆಮೇಲೆ ಪಶ್ಚಿಮದಲ್ಲಿ ಈ ಬ್ಯಾಂಡಿನ ಹುಚ್ಚು ಇನ್ನೂ ಏರಿತು. ಆ ಪುಸ್ತಕ ಓದೋಕೆ ಮಜಾ, ಆದರೆ ಅದರಲ್ಲಿ ಕತೆ ಯಾವುದು, ನಿಜ ಯಾವುದು ಅಂತ ಜರಡಿ ಹಿಡೀಬೇಕು.

ಹಾಡು ಹೇಗಿರ್ತದೆ? ಕೆಳಗೆ ಬೇಸ್ ಗಿಟಾರು, ಡ್ರಮ್ಮು. ಅವು ಒಂದೇ ಸರಳ ತಿರುವನ್ನು ಹತ್ತು ನಿಮಿಷ, ಹದಿನೈದು ನಿಮಿಷ ಬದಲಿಸದೆ ಬಾರಿಸ್ತಾ ಇರ್ತವೆ. ‘ಹಂತಕರ ರಾತ್ರಿ’ ಅಂತ ಅರ್ಥ ಬರುವ ಹಾಡಿನ ಬೇಸಂತೂ 1960ರ ದಶಕದ ಒಂದು ಅಮೆರಿಕನ್ ಪ್ರೇಮಗೀತೆಯ ಚಾಲಿಗೆ ಹತ್ತಿರದ್ದು. ಅದರ ಮೇಲೆ ಮಿಜುತಾನಿಯ ಗಿಟಾರು ಕೂಗ್ತದೆ, ಕೀರಲ್ತದೆ, ಮಳೆ ಸುರಿದಂಗ ಸುರೀತದೆ. ಹಾಡುವ ದನಿ ಎಲ್ಲೋ ಬಾವಿಯೊಳಗಿಂದ ಬಂದಂಗಿರ್ತದೆ. 1977ರ ಮಾರ್ಚ್‌ನಲ್ಲಿ ಟೋಕಿಯೋ ಸಮೀಪದ ತಾಚಿಕಾವಾದಲ್ಲಿ ಬಾರಿಸಿದ್ದು ’77 ಲೈವ್ ಅಂತ ಸಿಡಿ ಆಗಿದೆ. ಅದರ ಕೊನೆಯ ಹಾಡು ಒಂದೇ ಇಪ್ಪತ್ತೈದು ನಿಮಿಷದ ಆಸುಪಾಸು.

ನಮ್ಮ ಅಣ್ಣನ ಮಗ ಬೆಂಗಳೂರಲ್ಲಿ ಓದ್ತಾನೆ. ರಜೆಗೆ ಬಂದಾಗ ಈ ಹಾಡು ಕೇಳಿಸಿದೆ. ಎರಡು ನಿಮಿಷ ಸುಮ್ಮನಿದ್ದ. ಆಮೇಲೆ, “ಕಾಕಾ, ಹಾಡ ಕೆಟ್ಟೈತೋ, ನಿಮ್ಮ ಫೋನಿನ ಸ್ಪೀಕರ್ ಕೆಟ್ಟೈತೋ?” ಅಂದ. “ಎರಡೂ ಕೆಟ್ಟಿಲ್ಲೋ ತಮ್ಮಾ, ಅದು ಇರೋದs ಹಂಗ” ಅಂದೆ. ಅವನ ಪ್ರಶ್ನೆ ಖರೇ ಪ್ರಶ್ನೆ ನೋಡ್ರಿ. ಈ ಸಂಗೀತದಲ್ಲಿ ಯಾವುದು ಹಾಡು, ಯಾವುದು ಟೇಪಿನ ಗದ್ದಲ ಅಂತ ಬಿಡಿಸೋದು ಸುಲಭ ಅಲ್ಲ. ಹೆಚ್ಚಿನವು ಕೇಳೋಕೆ ಬಂದವರು ಮಾಡಿಕೊಂಡ ಟೇಪು, ಇಲ್ಲಾ ಬ್ಯಾಂಡಿನವರೇ ತಮಗಾಗಿ ಇಟ್ಟುಕೊಂಡ ಟೇಪು. ಅದರ ಪ್ರತಿಯ ಪ್ರತಿಯ ಪ್ರತಿ. ಪ್ರತಿ ಸಲ ಸ್ವಲ್ಪ ಸ್ವರ ಕಮ್ಮಿ ಆಗಿ ಸ್ವಲ್ಪ ಹಿಸ್ ಅನ್ನೋದು ಜಾಸ್ತಿ ಆಗ್ತದೆ. ನನಗೆ ಕೇಳಿದರೆ, ಹೊರಗೆ ಓಡಾಡುವ ಕಳ್ಳ ಪ್ರತಿಗಳಲ್ಲಿ ಅರ್ಧಕ್ಕರ್ಧ ಕೇಳೋಕೆ ಬಾರದಂಥವು. ಅಭಿಮಾನಿಗಳು ಸಿಟ್ಟಾಗಬಹುದು. ಆದರೆ ಉಳಿದರ್ಧ ಇದೆಯಲ್ಲ, ಅದಕ್ಕಾಗಿ ಈ ಅರ್ಧ ಸಹಿಸಬಹುದು.

ಗಿಟಾರಿನ ಆ ಕೂಗು ಏನು ಅಂತ ಸ್ವಲ್ಪ ಹೇಳ್ತೇನೆ. ಅದನ್ನ ಫೀಡ್‌ಬ್ಯಾಕ್ ಅಂತಾರೆ. ನಮ್ಮೂರ ಭಜನಿಯೊಳಗ ಮೈಕ್ ಹಿಡಿದವರು ಸ್ಪೀಕರಿನ ಮುಂದೆ ಬಂದರೆ ‘ಕುಂಯ್’ ಅಂತ ಕಿವಿ ಹರಿಯೋ ಹಂಗ ಕೂಗ್ತದಲ್ಲ, ಅದೇ. ಮೈಕಿಗೆ ಹೋದ ಸಪ್ಪಳ ಸ್ಪೀಕರಿನಿಂದ ದೊಡ್ಡದಾಗಿ ಹೊರಗೆ ಬರ್ತದೆ, ಅದು ಮತ್ತೆ ಮೈಕಿಗೆ ಹೋಗ್ತದೆ, ಇನ್ನೂ ದೊಡ್ಡದಾಗಿ ಬರ್ತದೆ. ಗಾಣದೆತ್ತು ಸುತ್ತಿದಂಗ ಸುತ್ತು. ನಮ್ಮ ಮೈಕ್‌ಸೆಟ್ಟಿನ ಹುಡುಗ ಓಡಿ ಹೋಗಿ ಸೌಂಡ್ ಇಳಿಸ್ತಾನೆ. ಮಿಜುತಾನಿ ಸೌಂಡ್ ಇಳಿಸೋದಿಲ್ಲ. ಗಿಟಾರನ್ನು ಸ್ಪೀಕರಿನ ಎದುರಿಗೆ ಹಿಡಿದು, ಒಂದಿಷ್ಟು ಆಕಡೆ ಈಕಡೆ ತಿರುಗಿಸಿ, ಆ ಕೂಗನ್ನೇ ಪಳಗಿಸ್ತಾನೆ. ಆಗ ತಂತಿ ಮೀಟದೆಯೇ ನುಡೀತದೆ. ಒಂದೇ ಸ್ವರದ ಮೇಲೆ ಅದರ ಮೇಲಿನ ಸ್ವರಗಳು ಒಂದೊಂದಾಗಿ ಎದ್ದು ಬರ್ತವೆ.

ಒಂದೇ ಸ್ವರದೊಳಗಿಂದ ಬೇರೆ ಸ್ವರಗಳು ಎದ್ದು ಬರೋದು ಅಂದ ಕೂಡಲೇ ಕುಂದಗೋಳ ತಾಲೂಕಿನವರಿಗೆ ಬೇರೆ ಒಂದು ವಾದ್ಯ ನೆನಪಾಗಬೇಕು. ತಂಬೂರಿ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಸಣ್ಣ ದಾರ ಇಟ್ಟಿರ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಒಂದು ಜಾಗದಲ್ಲಿ ಸ್ವರ ಅರಳ್ತದೆ, ಝೇಂಕರಿಸ್ತದೆ. ಇದಕ್ಕೆ ಜವಾರಿ ಅಂತಾರೆ. (ಜವಾರಿ ಕೋಳಿಗೂ ಇದಕ್ಕೂ ಸಂಬಂಧ ಇಲ್ರಿ.) ತಂಬೂರಿಯ ಷಡ್ಜದ ತಂತಿ ಒಂದನ್ನೇ ಮೀಟಿ ಕಿವಿ ಕೊಟ್ಟು ಕೂತರೆ, ಯಾರೂ ನುಡಿಸದ ಗಾಂಧಾರ ತಾನೇ ಕೇಳ್ತದೆ. ಕಿರಾಣಾ ಘರಾಣೆಯವರಿಗೆ ಸ್ವರ ಅಂದರೆ ಜೀವ, ತಂಬೂರಿ ಶ್ರುತಿ ಮಾಡೋದರಲ್ಲೇ ಗಂಟೆಗಟ್ಟಲೆ ಕಳೆಯುವವರು. ಆ ಘರಾಣೆಯ ಅಬ್ದುಲ್ ಕರೀಂ ಖಾನರು ಉತ್ತರ ಪ್ರದೇಶದ ಕೈರಾನಾದಿಂದ ಬಂದು ಮಿರಜದಲ್ಲಿ ನೆಲೆಸಿದವರು. ಮಿರಜ ಇವತ್ತಿಗೂ ತಂಬೂರಿ ಮಾಡುವವರ ಊರು. ಖಾನ್ ಸಾಹೇಬರು ನಮ್ಮ ಕುಂದಗೋಳದ ನಾಡಗೇರ ವಾಡೆಗೆ ಬರ್ತಿದ್ದರು. ಅವರ ಶಿಷ್ಯರು ಇದೇ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಬಂದು ಕಲಿತದ್ದು ಅವರ ಹತ್ತಿರ. ಭೀಮಸೇನ ಜೋಶಿಯವರು ನೀರು ಹೊತ್ತು, ಸೇವೆ ಮಾಡಿ ಕಲಿತದ್ದೂ ಅವರ ಹತ್ತಿರವೇ.

ಈಗ ನೀವು ಕೇಳ್ತೀರಿ, ತಂಬೂರಿಗೂ ಟೋಕಿಯೋದ ಗದ್ದಲಕ್ಕೂ ಏನು ಸಂಬಂಧ, ಎರಡೂ ಝೇಂಕರಿಸ್ತವೆ ಅಂತ ಗಂಟು ಹಾಕ್ತೀರೇನು ಅಂತ. ಗಂಟು ಇದೆ, ಆದರೆ ಬಹಳ ಸುತ್ತಿ ಬರ್ತದೆ.

1955ರಲ್ಲಿ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿಗೆ ಹೋದಾಗ ಅವರ ಸರೋದ್ ವಾದನದ ಎಲ್‌ಪಿ ಒಂದು ಅಲ್ಲಿ ಬಂತು. ಒಂದು ಬದಿಗೆ ಒಂದು ರಾಗ. ಹಿಂದೂಸ್ತಾನಿ ರಾಗವೊಂದನ್ನು ಇಪ್ಪತ್ತು ನಿಮಿಷ ತಡೆಯಿಲ್ಲದೆ ಕೇಳಿಸಿದ ಮೊದಮೊದಲ ಎಲ್‌ಪಿ ಅದು. ಆ ಎಲ್‌ಪಿಯನ್ನು ಲಾ ಮಾಂಟೆ ಯಂಗ್ ಅನ್ನುವ ಅಮೆರಿಕದ ಯುವಕ ಕೇಳಿದ. ಸರೋದಿಗಿಂತ ಹೆಚ್ಚು ಅವನನ್ನು ಹಿಡಿದದ್ದು ಹಿಂದೆ ನಿಲ್ಲದೆ ನುಡಿಯುವ ತಂಬೂರಿ. 1960ರ ದಶಕದ ಮೊದಲಲ್ಲಿ ಅವನು ನ್ಯೂಯಾರ್ಕಿನಲ್ಲಿ ಒಂದು ಗುಂಪು ಕಟ್ಟಿ, ಒಂದೆರಡು ಸ್ವರಗಳನ್ನೇ ಗಂಟೆಗಟ್ಟಲೆ ಹಿಡಿದು ನುಡಿಸೋಕೆ ಶುರು ಮಾಡಿದ. ಆ ಗುಂಪಿನಲ್ಲಿ ವಿಯೋಲಾ ನುಡಿಸ್ತಿದ್ದ ಜಾನ್ ಕೇಲ್ ಅನ್ನುವವನು ಹೊರಗೆ ಬಂದು ಲೂ ರೀಡ್ ಜತೆ ಸೇರಿ ‘ವೆಲ್ವೆಟ್ ಅಂಡರ್‌ಗ್ರೌಂಡ್’ ರಾಕ್ ಬ್ಯಾಂಡ್ ಕಟ್ಟಿದ. ಅವರ ಮೊದಲ ಎಲ್‌ಪಿ 1967ರದ್ದು. ಕ್ಯೋಟೋದ ಮಿಜುತಾನಿ ತಲೆ ಕೆಡಿಸಿಕೊಂಡದ್ದು ಈ ಬ್ಯಾಂಡಿನ ಗದ್ದಲಕ್ಕೆ. ಹೀಗೆ ಅಲಿ ಅಕ್ಬರರ ಹಿಂದಿನ ತಂಬೂರಿ ನ್ಯೂಯಾರ್ಕ್ ಹಾದು ಜಪಾನ್ ಮುಟ್ಟಿತು. ಮುಟ್ಟುವ ಹೊತ್ತಿಗೆ ಅದರ ಗುರುತೇ ಸಿಗದಷ್ಟು ಬದಲಾಗಿತ್ತು, ಅದು ಬೇರೆ ಮಾತು.

ಇದರಲ್ಲಿ ನಮ್ಮ ಕಿರಾಣಾ ಎಲ್ಲಿ ಬಂತು? ಅಬ್ದುಲ್ ಕರೀಂ ಖಾನರ ಸಂಬಂಧಿ ಅಬ್ದುಲ್ ವಹೀದ್ ಖಾನರು ಅಂತ ಇದ್ದರು. ಅದೇ ಘರಾಣೆಯ ಇನ್ನೊಂದು ಕವಲು. ವಿಲಂಬಿತ ಅಂದರೆ ಅವರದು. ಸ್ವರದಿಂದ ಸ್ವರಕ್ಕೆ ಹೋಗೋಕೆ ಅವಸರವೇ ಇಲ್ಲ. ಅವರ ಶಿಷ್ಯರು ಪಂಡಿತ ಪ್ರಾಣನಾಥರು. 1970ರಲ್ಲಿ ಪ್ರಾಣನಾಥರು ಅಮೆರಿಕಕ್ಕೆ ಹೋದಾಗ ಅವರ ಮುಂದೆ ತಂಬೂರಿ ಹಿಡಿದು ಶಿಷ್ಯನಾಗಿ ಕೂತವನು ಇದೇ ಲಾ ಮಾಂಟೆ ಯಂಗ್. ಜತೆಗೆ ಟೆರಿ ರೈಲಿ. ಪ್ರಾಣನಾಥರು 1996ರಲ್ಲಿ ತೀರಿಕೊಳ್ಳುವವರೆಗೂ ಆ ಶಿಷ್ಯತನ ಬಿಡಲಿಲ್ಲ. ಅಂದರೆ ಸವಾಯಿ ಗಂಧರ್ವರಿಗೂ ಈ ಅಮೆರಿಕದವರಿಗೂ ಘರಾಣೆಯ ಲೆಕ್ಕದಲ್ಲಿ ನೆಂಟಸ್ತನ ಇದೆ. ಹಾಗಂತ ‘ಜಪಾನಿನ ರಾಕ್ ಹುಟ್ಟಿದ್ದೇ ಕುಂದಗೋಳದಲ್ಲಿ’ ಅಂತ ವಾಟ್ಸಾಪಿನಲ್ಲಿ ಹಾಕಬೇಡ್ರಿ. ಮಿಜುತಾನಿ ಬ್ಯಾಂಡ್ ಕಟ್ಟಿದಾಗ ಪ್ರಾಣನಾಥರು ಇನ್ನೂ ದಿಲ್ಲಿಯಲ್ಲೇ ಇದ್ದರು.

ಇದಕ್ಕಿಂತ ನೇರ ದಾರಿ ಹಿಡಿದವರೂ ಇದ್ದರು. ಕೊಸುಗಿ ತಾಕೆಹಿಸಾ ಅನ್ನುವ ಪಿಟೀಲು ವಾದಕ 1969ರಲ್ಲಿ ಟೋಕಿಯೋದಲ್ಲಿ ಕಟ್ಟಿದ ತಂಡದ ಹೆಸರೇ ‘ತಾಜ್ ಮಹಲ್ ಟ್ರಾವೆಲರ್ಸ್’. ಹೆಸರಿಟ್ಟು ಸುಮ್ಮನಾಗಲಿಲ್ಲ. 1971–72ರಲ್ಲಿ ಯುರೋಪಿನಿಂದ ಒಂದು ಫೋಕ್ಸ್‌ವ್ಯಾಗನ್ ಗಾಡಿ ಹತ್ತಿ ನೆಲದ ಮೇಲೇ ಆಗ್ರಾದ ತಾಜ್ ಮಹಲ್ ಮುಟ್ಟಿದರು. ಪಿಟೀಲು, ಹಾರ್ಮೋನಿಕಾ, ಕಂಠ, ಇವನ್ನೆಲ್ಲ ಪ್ರತಿಧ್ವನಿ ಯಂತ್ರದೊಳಗೆ ಹಾಕಿ, ಸಮುದ್ರದ ದಂಡೆಯಲ್ಲಿ, ಬಯಲಿನಲ್ಲಿ ತಾಸುಗಟ್ಟಲೆ ಬಾರಿಸುತ್ತಿದ್ದರು. ತಿರುಗಿ ಹೋದ ಮೇಲೆ ಟೋಕಿಯೋದಲ್ಲಿ ಮಾಡಿದ ಕಛೇರಿಯ ರೆಕಾರ್ಡಿಗೆ ‘ಜುಲೈ 15, 1972’ ಅಂತ ಆ ದಿನದ ತಾರೀಖನ್ನೇ ಹೆಸರಾಗಿ ಇಟ್ಟರು. ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಮ್ಮಲ್ಲೂ ಹಳೇ ಕ್ಯಾಸೆಟ್ಟಿನ ಮೇಲೆ ರಾಗದ ಹೆಸರಿಲ್ಲದಿದ್ದರೂ ತಾರೀಖು ಇರ್ತದೆ. ಟೋಕಿಯೋದ ಕಿಚಿಜೋಜಿಯಲ್ಲಿ ‘ಓಝ್’ ಅಂತ ಒಂದು ಸಣ್ಣ ಕಾಫಿ ಅಂಗಡಿ ಇತ್ತು. 1973ರಲ್ಲಿ ಅದನ್ನು ಮುಚ್ಚುವಾಗ ಅಲ್ಲಿ ಬಾರಿಸಿದವರನ್ನೆಲ್ಲ ಸೇರಿಸಿ ಒಂದು ಜೋಡಿ ಎಲ್‌ಪಿ ಮಾಡಿದರು. ಅದರಲ್ಲಿ ತಾಜ್ ಮಹಲ್ ಟ್ರಾವೆಲರ್ಸೂ ಇದ್ದಾರೆ, ಮಿಜುತಾನಿಯ ಬ್ಯಾಂಡೂ ಇದೆ.

ಒಂದು ಸಂಗತಿ ನನ್ನನ್ನು ಬಹಳ ದಿನದಿಂದ ಕಾಡ್ತಾ ಇದೆ. ಕೆಲವರು ಯಾಕೆ ರೆಕಾರ್ಡ್ ಆಗೋಕೆ ಒಪ್ಪೋದಿಲ್ಲ? ಮಿಜುತಾನಿಯೊಬ್ಬನೇ ಅಲ್ಲ. ಹಾಯಿನೋ ಕೇಜಿಯ ‘ಫುಶಿತ್ಸುಶಾ’ ತಂಡ ಕಟ್ಟಿದ್ದು 1978ರಲ್ಲಿ, ಮೊದಲ ಆಲ್ಬಂ ಬಂದದ್ದು 1989ರಲ್ಲಿ. ಅದನ್ನು ತಂದದ್ದು ಪಿಎಸ್‌ಎಫ್ ಅನ್ನುವ ಪುಟ್ಟ ಕಂಪನಿ. ಟೋಕಿಯೋದ ಮೇದಾಯ್‌ಮಾಯೆಯಲ್ಲಿ ‘ಮಾಡರ್ನ್ ಮ್ಯೂಸಿಕ್’ ಅಂತ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ ಇಕೇಝುಮಿ ಹಿದೆಓ 1984ರಲ್ಲಿ ಶುರು ಮಾಡಿದ್ದು. ಅಂಗಡಿಯವನೇ ಕಂಪನಿ ಮಾಡಿ, ಯಾರೂ ಮುಟ್ಟದವರನ್ನು ಮುದ್ರಿಸಿದ. ಅವನಿಲ್ಲದಿದ್ದರೆ ಆ ಕಾಲದ ಅರ್ಧ ಸಂಗೀತ ನಮಗೆ ಸಿಗುತ್ತಿರಲಿಲ್ಲ. 2017ರಲ್ಲಿ ತೀರಿಕೊಂಡ.

ನಮ್ಮ ಅಬ್ದುಲ್ ವಹೀದ್ ಖಾನರೂ ಹಾಗೇ. ಗ್ರಾಮೋಫೋನ್ ಕಂಪನಿಗೆ ಹಾಡೋಕೆ ಮನಸ್ಸು ಮಾಡಲಿಲ್ಲ. ಇವತ್ತು ಅವರ ದನಿ ಅಂತ ಉಳಿದಿರೋದು ರೇಡಿಯೋದಲ್ಲಿ ಹಾಡಿದಾಗ ಹಿಡಿದಿಟ್ಟ ಕೆಲವೇ ರಾಗಗಳು. ದರಬಾರಿ, ಮುಲ್ತಾನಿ, ಪಟದೀಪ, ಅಷ್ಟು. ಒಂದು ರಾಗವನ್ನು ತಾಸುಗಟ್ಟಲೆ ಬೆಳೆಸುವವರಿಗೆ 78ರ ತಟ್ಟೆಯ ಒಂದು ಬದಿಗೆ ಸಿಗೋದು ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ಏನು ಹಾಡ್ತೀರಿ? ಜೋಳದ ಹೊಲ ತೋರಿಸಪ್ಪಾ ಅಂದರೆ ಒಂದು ತೆನೆ ಕೈಗಿಟ್ಟಂಗ. ಸವಾಯಿ ಗಂಧರ್ವರು ಗ್ರಾಮೋಫೋನಿಗೆ ಹಾಡಿದರು, ಒಂದಿಷ್ಟು ತಟ್ಟೆಗಳಿವೆ. ಕೇಳಿದರೆ ಗೊತ್ತಾಗ್ತದೆ, ರಾಗ ಬಾಗಿಲು ತೆಗೆಯುವಷ್ಟರಲ್ಲಿ ಮುಳ್ಳು ಒಳಗಿನ ಗೆರೆ ಮುಟ್ಟಿರ್ತದೆ. ನಾಡಗೇರ ವಾಡೆಯ ಪಡಸಾಲೆಯಲ್ಲಿ ರಾತ್ರಿ ಪೂರ್ತಿ ಕೇಳಿದವರಿಗೆ ಸಿಕ್ಕಿದ್ದು ಬೇರೆ, ನಮಗೆ ಸಿಕ್ಕಿದ್ದು ಬೇರೆ. 1952ರಲ್ಲಿ ಅವರು ತೀರಿಕೊಂಡಾಗ ಹಳ್ಳಿಗಳ ಮನೆಮನೆಗೆ ಟೇಪ್ ರೆಕಾರ್ಡರ್ ಬರೋಕೆ ಇನ್ನೂ ಬಹಳ ವರ್ಷ ಬೇಕಿತ್ತು.

ಆದರೆ ಅದೇ ಮೂರು ನಿಮಿಷದ ತಟ್ಟೆಯನ್ನು ಹಗುರ ಮಾಡಬೇಡ್ರಿ. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ಮನೆ ಬಿಟ್ಟು ಹೋದರು ಅನ್ನೋದು ಈ ಭಾಗದವರಿಗೆಲ್ಲ ಗೊತ್ತಿರುವ ಕತೆ. ಗಂಗೂಬಾಯಿಯವರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಅನ್ನುವ ಬೇರೆ ಹೆಸರಿನಲ್ಲಿ ಬಂದವು. ಹೆಸರು ಬೇರೆ, ಊರು ಮಾತ್ರ ಹುಬ್ಬಳ್ಳಿಯೇ. ಹೆಣ್ಣುಮಗಳೊಬ್ಬಳು ತನ್ನ ಹೆಸರಿನಲ್ಲಿ ತಟ್ಟೆ ಮಾಡಿಸೋದು ಆಗ ಸಣ್ಣ ಮಾತಾಗಿರಲಿಲ್ಲ. ಹೀಗಾಗಿ ರೆಕಾರ್ಡು ಅನ್ನೋದು ಕೆಲವರಿಗೆ ಬಾಗಿಲು ತೆಗೀತು, ಕೆಲವರಿಗೆ ಇಕ್ಕಟ್ಟಾಯಿತು.

ಟೇಪು ಬಂದ ಮೇಲೆ ಲೆಕ್ಕ ಬದಲಾಯಿತು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಮೊದಲು ತೋರಿಸಿದ್ದು 1963ರಲ್ಲಿ. ಅದನ್ನು ಸಣ್ಣದು, ಸೋವಿ, ಗಟ್ಟಿ ಮಾಡಿ ಜಗತ್ತಿಗೆಲ್ಲ ಹಂಚಿದವರು ಜಪಾನಿನವರು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಯಾರ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತೋ ನೆನಪು ಮಾಡ್ಕೊಳ್ರಿ. ಗಲ್ಫಿಗೆ ಹೋದವರು ತಂದ ನ್ಯಾಷನಲ್ ಪ್ಯಾನಸಾನಿಕ್, ಇಲ್ಲಾ ಸೋನಿ. ಖಾಲಿ ಕ್ಯಾಸೆಟ್ ಅಂದರೆ ಟಿಡಿಕೆ. ಟೋಕಿಯೋದ ನೆಲಮಾಳಿಗೆಯಲ್ಲಿ ಒಬ್ಬ ಹುಡುಗ ಮಡಿಲಲ್ಲಿ ಯಾವ ಯಂತ್ರ ಇಟ್ಟುಕೊಂಡು ಮಿಜುತಾನಿಯನ್ನು ಟೇಪ್ ಮಾಡ್ತಿದ್ದನೋ, ಅದರ ತಮ್ಮನೋ ತಂಗಿಯೋ ಅನ್ನುವಂಥ ಯಂತ್ರವನ್ನೇ ಕುಂದಗೋಳದ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೂ ಜನ ತರ್ತಿದ್ದರು. ಜಪಾನ್ ನಮಗೆ ಹತ್ತಿರ ಆದದ್ದು ಹಾಡಿನಿಂದ ಅಲ್ಲ, ಈ ಡಬ್ಬಿಯಿಂದ.

ಹೋದ ವರ್ಷ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಓಣಿಯ ಒಂದು ಮನೆಯಲ್ಲಿ ಒಂದು ತಗಡಿನ ಟ್ರಂಕು ಹೊರಗೆ ಬಂತು. ಅದರ ತುಂಬಾ ಕ್ಯಾಸೆಟ್ಟು. ಆ ಮನೆಯ ಹಿರಿಯರು ತೀರಿ ಹೋಗಿ ಬಹಳ ವರ್ಷವಾಯಿತು. ಗುಜರಿಯವನು ಬಾಗಿಲಲ್ಲಿ ನಿಂತಿದ್ದ. “ಇವೇನ್ ಮಾಡೂದ್ರಿ ಅಣ್ಣಾರ, ಹಾಕಾಕ ಮಿಶೀನ್ ಇಲ್ಲ, ಇಟ್ಕೊಳ್ಳಾಕ ಜಾಗಾ ಇಲ್ಲ” ಅಂದರು ಆ ಮನೆಯ ಅಕ್ಕಾರು. ತಪ್ಪು ಮಾತಲ್ಲ ಅದು. ಟ್ರಂಕಿನಲ್ಲಿ ಸಿನಿಮಾ ಹಾಡು, ಭಜನಿ, ಒಂದೆರಡು ಬಯಲಾಟದ ಕ್ಯಾಸೆಟ್ಟು, ಕೊನೆಗೆ ಹದಿನಾಲ್ಕು ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ಕುಂದಗೋಳ’, ಕೆಳಗೆ ತಾರೀಖು. ಹಾಡಿದವರ ಹೆಸರು ಕೆಲವಕ್ಕಿದೆ, ಕೆಲವಕ್ಕಿಲ್ಲ. ಆ ಹದಿನಾಲ್ಕನ್ನ ಬೇರೆ ತೆಗೆದು ಇಟ್ಟಿದ್ದೇವೆ. ಇನ್ನೂ ಎಲ್ಲಾ ಕೇಳಿಲ್ಲ. ಕೇಳಿಲ್ಲ ಯಾಕಂದರೆ ಮೂರರಲ್ಲಿ ಬಿಳಿ ಬೂಸಲು ಬಂದಿತ್ತು.

ಕೇಳುಗರಲ್ಲಿ ಇಂಥ ಟ್ರಂಕು ಇದ್ದವರು ಬಹಳ ಮಂದಿ ಇರಬಹುದು, ಅದಕ್ಕೆ ಸ್ವಲ್ಪ ನಿಂತು ಹೇಳ್ತೇನೆ. ಬೂಸಲು ಹಿಡಿದ ಟೇಪನ್ನು ಹಾಗೇ ಮಿಶೀನಿಗೆ ಹಾಕಬೇಡ್ರಿ. ಬೂಸಲು ಹೆಡ್ಡಿಗೆ ಮೆತ್ತಿಕೊಳ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹೋಗ್ತದೆ. ಅದನ್ನು ಒಣ ಜಾಗದಲ್ಲಿ ಬೇರೆ ಇಟ್ಟು, ಗೊತ್ತಿದ್ದವರ ಕೈಗೆ ಕೊಡ್ರಿ. 120 ನಿಮಿಷದ ಕ್ಯಾಸೆಟ್ ಇದ್ದರೆ ಇನ್ನೂ ಜೋಪಾನ, ಅದರ ಟೇಪು 60 ನಿಮಿಷದ್ದಕ್ಕಿಂತ ಅರ್ಧದಷ್ಟು ತೆಳ್ಳಗೆ, ಎಳೆದರೆ ಜಗ್ಗಿಕೊಳ್ತದೆ. ಹಳೇ ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಒಂದು ಸಣ್ಣ ಮೆತ್ತೆ ಇರ್ತದೆ, ಅಂಟು ಒಣಗಿ ಅದು ಬಿದ್ದುಹೋಗಿರ್ತದೆ. ಆಗ ದನಿ ಮಂಕಾಗಿ ಕೇಳ್ತದೆ, ‘ಟೇಪ್ ಹಾಳಾಗಿದೆ’ ಅಂತ ಜನ ಬಿಸಾಕ್ತಾರೆ. ಟೇಪ್ ಹಾಳಾಗಿರೋದಿಲ್ಲ. ಒಳಗಿನ ಎರಡು ಸುರುಳಿಯನ್ನು ಬೇರೆ ಒಳ್ಳೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದರೆ ಆಯಿತು, ಸಣ್ಣ ಸ್ಕ್ರೂ ಡ್ರೈವರ್ ಸಾಕು. ಇನ್ನೊಂದು, ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಬೇಡ್ರಿ. ಟೇಪ್ ಡೆಕ್ಕಿನಿಂದ ವೈರ್ ಹಾಕಿ ನೇರ ಕಂಪ್ಯೂಟರಿಗೆ ತಗೊಳ್ರಿ. ತಗೊಂಡದ್ದನ್ನ ಹಿಸ್ ತೆಗೆಯದೆ, ತಿದ್ದದೆ, ಒಂದು ಪ್ರತಿ ಹಾಗೇ ಇಡ್ರಿ. ತಿದ್ದೋದು ಎರಡನೇ ಪ್ರತಿಯಲ್ಲಿ. ಹಿಸ್ ತೆಗೆಯುವ ಸಾಫ್ಟ್‌ವೇರು ತಂಬೂರಿಯನ್ನೂ ಹಿಸ್ ಅಂತಲೇ ತಿಳಿದು ಒರೆಸಿ ಹಾಕೋದನ್ನ ನಾನೇ ನೋಡಿದ್ದೇನೆ. ತಂಬೂರಿ ಹೋದ ಮೇಲೆ ಹಾಡುವವರು ಗಾಳಿಯಲ್ಲಿ ನಿಂತಂಗ ಕೇಳ್ತಾರೆ.

ಇದು ಸುಲಭದ ಭಾಗ. ಕಷ್ಟದ್ದು ಬೇರೆ ಇದೆ. ಈ ಹದಿನಾಲ್ಕು ಕ್ಯಾಸೆಟ್ ಯಾರವು?

ಟೇಪ್ ಮಾಡಿದ ಹಿರಿಯರವೇ, ಅವರ ಮನೆಯವರವೇ, ಹಾಡಿದವರವೇ? ನಮ್ಮ ಹುಡುಗ ಹೇಳಿದ, “ಕಾಕಾ, ಯೂಟ್ಯೂಬಿಗೆ ಹಾಕಿಬಿಡೂಣು, ಎಲ್ಲಾರೂ ಕೇಳ್ತಾರ.” ಮನಸ್ಸು ಅವನ ಕಡೆಯೇ ಜಗ್ತದೆ. ಆದರೆ ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದಕ್ಕೆ 1994ರಲ್ಲಿ ಕಲಾವಿದರ ಹಕ್ಕು ಸೇರಿಸಿದರು. ಈಗ ಆ ಹಕ್ಕಿಗೆ 50 ವರ್ಷ, ಹಾಡಿದ ವರ್ಷ ಮುಗಿದು ಮುಂದಿನ ವರ್ಷದ ಮೊದಲ ದಿನದಿಂದ ಎಣಿಸಬೇಕು. ತನ್ನ ಸ್ವಂತ ಕೇಳುವಿಕೆಗೆ, ಇಲ್ಲಾ ಕಲಿಸೋಕೆ, ಸಂಶೋಧನೆಗೆ ಅಂತ ರೆಕಾರ್ಡ್ ಮಾಡಿಕೊಂಡರೆ ಕಾಯ್ದೆ ತಪ್ಪು ಅನ್ನೋದಿಲ್ಲ. ಅಂದರೆ ಆ ಹಿರಿಯರು ಮಡಿಲಲ್ಲಿ ಟೇಪ್ ಇಟ್ಟುಕೊಂಡು ಕೂತದ್ದು ಸರಿ. ಊರಿಗೆಲ್ಲ ಹಂಚೋದು, ಮಾರೋದು ಬೇರೆ. 78ರ ತಟ್ಟೆಗಳ ಲೆಕ್ಕವೂ ಬೇರೆ. ಅಲ್ಲಿ ಪ್ರಕಟವಾಗಿ 60 ವರ್ಷಕ್ಕೆ ಧ್ವನಿಮುದ್ರಣದ ಹಕ್ಕು ಮುಗೀತದೆ. ಸವಾಯಿ ಗಂಧರ್ವರ ತಟ್ಟೆಗಳು ಆ ಗಡಿ ದಾಟಿ ಎಷ್ಟೋ ಕಾಲವಾಯಿತು, ಅವನ್ನು ಧೈರ್ಯವಾಗಿ ಹಂಚಬಹುದು.

ಕಾಯ್ದೆ ಒಂದು. ಮರ್ಯಾದೆ ಇನ್ನೊಂದು. ರಾತ್ರಿ ಮೂರು ಗಂಟೆಗೆ, ನೂರಿನ್ನೂರು ತಿಳಿದವರ ಮುಂದೆ, ಕಲಾವಿದರು ಏನೋ ಒಂದು ಪ್ರಯತ್ನ ಮಾಡಿರ್ತಾರೆ. ಒಮ್ಮೊಮ್ಮೆ ಸ್ವರ ಜಾರಿರ್ತದೆ, ಗಂಟಲು ಕೈಕೊಟ್ಟಿರ್ತದೆ. ಅದು ಆ ರಾತ್ರಿಗೆ, ಆ ಮಂದಿಗೆ ಅಂತ ಹಾಡಿದ್ದು. ನಲವತ್ತು ವರ್ಷದ ಮೇಲೆ ಅದನ್ನ ಮೊಬೈಲಿನಲ್ಲಿ ಅರ್ಧ ನಿಮಿಷ ಕೇಳಿ ಕಮೆಂಟ್ ಹಾಕುವವರ ಮುಂದೆ ಇಡೋಕೆ ನಮಗೆ ಯಾರು ಹೇಳಿದರು? ಇದನ್ನೇ ಮಿಜುತಾನಿಯ ವಿಷಯಕ್ಕೆ ಹೊಂದಿಸಿ ನೋಡ್ರಿ. ಆತ ಬದುಕಿದ್ದಾಗ ಕಳ್ಳ ಸಿಡಿಗಳು ಸಾಲುಸಾಲಾಗಿ ಬಂದವು, ದುಬಾರಿ ಬೆಲೆಗೆ ಮಾರಾಟವಾದವು. ಬ್ಯಾಂಡಿನ ಕೊನೆಯ ಕಛೇರಿ 1996ರಲ್ಲಿ. ಆಮೇಲೆ ಎಲ್ಲಿದ್ದಾನೆ ಅಂತಲೇ ಮಂದಿಗೆ ಗೊತ್ತಿರಲಿಲ್ಲ. 2019ರಲ್ಲಿ ತೀರಿಕೊಂಡದ್ದು ಹೊರಗೆ ತಿಳಿದದ್ದು 2021ರಲ್ಲಿ.

ಆದರೆ ಕಳ್ಳ ಪ್ರತಿ ಮಾಡಿದವರು ಇಲ್ಲದಿದ್ದರೆ ನಾನು ಕುಬಿಹಾಳದಲ್ಲಿ ಕೂತು ಆತನ ಗಿಟಾರು ಕೇಳ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಮರ್ಯಾದೆಯ ಮಾತು ಆಡೋದು ನ್ಯಾಯ ಅಲ್ಲ. ಎರಡೂ ಖರೆ. ಕೊನೆಗೆ ಜಪಾನಿನವರು ಒಂದು ದಾರಿ ಹುಡುಕಿದರು. ಬ್ಯಾಂಡಿನಲ್ಲಿ ಹಿಂದೆ ಇದ್ದ ಕುಬೋತಾ ಮಾಕೋತೋ, ಆತನೇ ಒಳ್ಳೆ ಸಂಗೀತಗಾರ, ಮೂಲ ಟೇಪುಗಳನ್ನು ಮುಂದಿಟ್ಟುಕೊಂಡು ಹೊಸದಾಗಿ ಸರಿಪಡಿಸಿದರು. 1991ರ ಮೂರು ಆಲ್ಬಮ್ಮುಗಳು 2022ರಲ್ಲಿ ಮತ್ತೆ ಬಂದವು, ಓಝ್ ಕಾಫಿ ಅಂಗಡಿಯ ಟೇಪುಗಳೂ ಅದೇ ವರ್ಷ ಬಂದವು. ಹಳೇ ಕಳ್ಳ ಪ್ರತಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ಕಳ್ಳ ಪ್ರತಿಯಲ್ಲಿ ಬರೀ ಗಾಳಿಯಂತೆ ಕೇಳುತ್ತಿದ್ದ ಕಡೆ ಇಲ್ಲಿ ಒಂದು ಮೆಲ್ಲನೆಯ ಹಾಡು ಇದೆ. ಗದ್ದಲದ ಬ್ಯಾಂಡು ಅಂತ ಹೆಸರಾದವರು ಇಷ್ಟು ನಾಜೂಕಾಗಿ ಹಾಡ್ತಿದ್ದರೇನು ಅನ್ನಿಸಿತು. ಹುಡುಗನಿಗೂ ಅದನ್ನೇ ಕೇಳಿಸಿದೆ. ಈ ಸಲ ಪೂರ್ತಿ ಕೇಳಿದ. ಕೇಳಿ, “ಸ್ಪೀಕರ್ ಕೆಟ್ಟಿಲ್ಲ ಬಿಡ್ರಿ” ಅಂದ. ಅವನ ಕಡೆಯಿಂದ ಅಷ್ಟು ಬಂದರೆ ದೊಡ್ಡ ಮಾತು.

ನಮ್ಮ ಹದಿನಾಲ್ಕು ಕ್ಯಾಸೆಟ್ಟಿನ ಬಗ್ಗೆ ಸದ್ಯಕ್ಕೆ ಹೀಗೆ ಮಾಡಿದ್ದೇವೆ. ಹನ್ನೊಂದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆದಿದೆ. ಹೆಸರಿದ್ದ ಕಲಾವಿದರ ಮನೆಯವರನ್ನು ಹುಡುಕಿ ಮೊದಲ ಪ್ರತಿ ಅವರಿಗೇ ಕಳಿಸೋದು, ಅವರು ಹೂಂ ಅಂದರೆ ಮಾತ್ರ ಮುಂದೆ ಹಂಚೋದು. ಎರಡು ಮನೆಗೆ ಫೋನ್ ಮಾಡಿಯಾಯಿತು. ಒಂದು ಮನೆಯವರು ತಂದೆಯವರ ದನಿ ತಮ್ಮ ಹತ್ತಿರ ಒಂದೂ ಇಲ್ಲ, ಬೇಗ ಕಳಿಸ್ರಿ ಅಂದರು. ಇನ್ನೊಂದು ಮನೆಯವರು, ಕಳಿಸ್ರಿ, ಆದರೆ ಇಂಟರ್ನೆಟ್ಟಿಗೆ ಹಾಕಬೇಡ್ರಿ ಅಂದರು. ಹಾಕೋದಿಲ್ಲ. ಅದಕ್ಕೇ ಇವತ್ತಿನ ಸಂಚಿಕೆಯಲ್ಲಿ ನಿಮಗೆ ಏನನ್ನೂ ಕೇಳಿಸೋಕೆ ಆಗಲಿಲ್ಲ, ಬರೀ ನನ್ನ ಮಾತೇ ಆಯಿತು.

ಬೂಸಲು ಬಂದ ಮೂರು ಕ್ಯಾಸೆಟ್ ಅಕ್ಕಿ ಡಬ್ಬಿಯ ಪಕ್ಕ ಒಣಗ್ತಾ ಇವೆ. ಅದರಲ್ಲಿ ಒಂದರ ಮೇಲೆ ತಾರೀಖು ಇದೆ, ಹೆಸರಿಲ್ಲ. ನಿಮ್ಮ ಮನೆಯಲ್ಲಿ ಕುಂದಗೋಳದ್ದೋ, ಹುಬ್ಬಳ್ಳಿ-ಧಾರವಾಡದ್ದೋ ಇಂಥ ಕ್ಯಾಸೆಟ್ ಇದ್ದರೆ ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದು ನಮಗೆ ಕಳಿಸ್ರಿ, ಕ್ಯಾಸೆಟ್ ಕಳಿಸಬೇಡ್ರಿ. ತಾರೀಖು ತಾರೀಖು ಹೊಂದಿಸಿ ನೋಡಿದರೆ ಆ ರಾತ್ರಿ ಹಾಡಿದವರು ಯಾರು ಅಂತ ಯಾರದಾದರೂ ಡಬ್ಬಿ ಹೇಳಬಹುದು. ಬರ್ತೇನ್ರೀ, ಕರೆಂಟ್ ಹೋಗೋ ಹೊತ್ತಾಯಿತು.